ಅಧ್ಯಕ್ಷೆಯ ಎರಡನೇ ತಾಯಿ

ದರ್ಜಿ ಹೆಂಗಸು ಆಶ್ರಯಮನೆಗೆ ಹೋಗತೊಡಗಿದ್ದು ಸೇವೆಯ ಹಂಬಲದಿಂದಲ್ಲ, ಓರಗಿತ್ತಿಯ ಕಾಟ ತಡೆಯಲಾರದೆ. ಓರಗಿತ್ತಿ ಅಲ್ಲಿನ ಸ್ವಯಂಸೇವಕರ ಸಂಘಕ್ಕೆ ಅಧ್ಯಕ್ಷೆ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆ ಇವಳನ್ನು ನೋಡಿಯೇ ಹುಟ್ಟಿರಬೇಕು. ಸ್ವಂತ ಅತ್ತೆ ಏಳು ತಿಂಗಳು ಹಾಸಿಗೆ ಹಿಡಿದಾಗ ವಾಸನೆಯೆಂದು ಆ ಕೋಣೆಯ ಬಾಗಿಲು ಎಳೆದುಕೊಂಡವಳು. ಅತ್ತೆಯ ಬಟ್ಟೆ ಬದಲಾಯಿಸಿದ್ದು, ಬೆನ್ನಿನ ಹುಣ್ಣು ತೊಳೆದದ್ದು ಕಿರಿಯ ಸೊಸೆಯಾದ ದರ್ಜಿ. ಅತ್ತೆ ತೀರಿಕೊಂಡ ಮರುವರ್ಷವೇ ಹಿರಿಯ ಸೊಸೆಗೆ ಲೋಕದ ಮುದುಕಿಯರ ಮೇಲೆಲ್ಲ ಪ್ರೀತಿ ಉಕ್ಕಿತು.

ಮುಚ್ಚಿದ ಕಾರ್ಖಾನೆಯೊಂದರ ಗೋದಾಮೇ ಆಶ್ರಯಮನೆ. ಎರಡು ಸಾಲು ಕಬ್ಬಿಣದ ಮಂಚ, ನೆಲೆಯಿಲ್ಲದ ಮೂವತ್ತೆರಡು ಹೆಂಗಸರು. ಭಾನುವಾರ ಹತ್ತು ಗಂಟೆಗೆ ಸ್ವಯಂಸೇವಕರು ಒಂದೇ ಬಣ್ಣದ ಅಂಗಿ ತೊಟ್ಟು ಬರುತ್ತಿದ್ದರು. ಅಂಗಿಯ ಎದೆಯ ಮೇಲೆ 'ಬಾಂಧವ್ಯ' ಎಂದು ಬರೆದಿತ್ತು. ಹಾಗೆ ಬರೆಯದಿದ್ದರೆ ಗೊತ್ತಾಗುತ್ತಿರಲಿಲ್ಲ. ಒಬ್ಬ ಸಿಕ್ಕವರ ತಲೆ ಸವರುತ್ತಿದ್ದ. ಒಬ್ಬಳು ಸ್ನಾನಕ್ಕೆ ಸಾಲು ನಿಂತವರನ್ನು ತಡೆದು ಬಾಲ್ಯದ ನೆನಪು ಕೇಳುತ್ತಿದ್ದಳು. ಫೋಟೋ ಆದಮೇಲೆ, ಬಕೆಟ್ಟು ಪೊರಕೆ ಹೊರಬರುವ ಹೊತ್ತಿಗೆ ಸರಿಯಾಗಿ, ಎಲ್ಲರಿಗೂ ಮನೆಯ ಕೆಲಸ ನೆನಪಾಗುತ್ತಿತ್ತು.

ದರ್ಜಿಗೆ ಹರಿದ ಹೊದಿಕೆಗಳ ರಾಶಿ ತೋರಿಸಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಟ್ಟರು. ಅಲ್ಲಿ ಕೊನೆಯ ಮಂಚ ನರ್ಸಮ್ಮನದು. ಮೂವತ್ತು ವರ್ಷ ಆಪರೇಷನ್ ಕೋಣೆಯಲ್ಲಿ ದುಡಿದವಳು. ಆಸರೆಯಾಗಿದ್ದ ತಮ್ಮನ ಮನೆ ಮಾರಾಟವಾದ ಮೇಲೆ ಇಲ್ಲಿಗೆ ಬಂದಿದ್ದಳು. ಮೊದಲ ದಿನ ಒಂದು ಗಂಟೆ ದರ್ಜಿಯ ಕೈಯನ್ನೇ ನೋಡಿದಳು. ಆಮೇಲೆ ಹೇಳಿದಳು: "ಇದನ್ನ ಹೊಲಿಗೆ ಅಂತಾರಾ? ಹೊಟ್ಟೆ ಕೊಯ್ದವರಿಗೆ ಹೀಗೆ ದೂರ ದೂರ ಹಾಕಿದ್ರೆ ಕರುಳು ಕೈಗೆ ಬರ್ತಿತ್ತು."

ಇಪ್ಪತ್ತು ವರ್ಷದಿಂದ ಯಾರ ಬಾಯಿಂದಲೂ ತಪ್ಪು ಹೇಳಿಸಿಕೊಳ್ಳದ ದರ್ಜಿಗೆ ಮೈಯೆಲ್ಲ ಉರಿಯಿತು. ತೋರಿಸಿಯೇ ಬಿಡುತ್ತೇನೆಂದು ಹೊದಿಕೆಯನ್ನು ಎರಡು ಕೈಯಲ್ಲಿ ಜಗ್ಗಿದಳು. ಹೊಲಿಗೆ ಪರಪರ ಬಿಚ್ಚಿತು. ಧರ್ಮದ ಕೆಲಸವೆಂದು ತಾನೂ ಉಡಾಫೆ ಮಾಡಿದ್ದು ಅವಳಿಗೆ ಆಗ ತಿಳಿಯಿತು. ಬಿಚ್ಚಿದ್ದನ್ನು ಮತ್ತೆ ಒತ್ತಾಗಿ ಹೊಲಿದಳು.

ಮರುವಾರ ನರ್ಸಮ್ಮ, ಸ್ಟೂಲನ್ನು ಬಲಕ್ಕೆ ಹಾಕಿಕೊ, ಜ್ವರ ಬಂದು ಎಡಗಿವಿ ಹೋಗಿ ಬಹಳ ವರ್ಷವಾಯಿತು ಎಂದಳು. ಅಲ್ಲಿಂದ ಅವರಿಬ್ಬರಿಗೆ ಮಾತು ಹತ್ತಿತು. ಹೆಚ್ಚಿನ ಮಾತು ಬೈಗುಳವೇ. ಸದಾ ಹಲ್ಲು ಕಿರಿಯುವ ಸಂಘದ ಖಜಾಂಚಿಗೆ ನರ್ಸಮ್ಮ ಹಲ್ಲಂಗಡಿ ಎಂದು ಹೆಸರಿಟ್ಟಳು. ದರ್ಜಿ ನಕ್ಕು ನಕ್ಕು ಸೂಜಿ ಮುರಿದುಕೊಂಡಳು.

ಹೀಗೆ ಬೈಯುತ್ತ ಬೈಯುತ್ತಲೇ ಒಂದು ಭಾನುವಾರ, ಗಂಡನಿಗೂ ಹೇಳದ ಮಾತೊಂದು ದರ್ಜಿಯ ಬಾಯಿಂದ ಬಂತು. ಕೊನೆಯ ತಿಂಗಳು ಅತ್ತೆಯ ಹುಣ್ಣು ತೊಳೆಯುವಾಗೆಲ್ಲ, ಈ ಮುದುಕಿ ಬೇಗ ಸಾಯಲಪ್ಪಾ ಎಂದು ತಾನು ಬೇಡಿಕೊಳ್ಳುತ್ತಿದ್ದೆನೆಂದು ಹೇಳಿದಳು.

ನರ್ಸಮ್ಮ ಅವಳ ಕೈ ಹಿಡಿಯಲಿಲ್ಲ, ತಲೆ ಸವರಲಿಲ್ಲ. "ಎಲ್ಲರೂ ಬೇಡ್ಕೋತಾರೆ. ಬೇಡ್ಕೊಂಡೂ ಹುಣ್ಣು ತೊಳೆಯೋರು ಕಮ್ಮಿ. ದಾರ ಪೋಣಿಸು, ಹೊತ್ತಾಯ್ತು" ಎಂದಳು.

ದರ್ಜಿ ದಾರ ಪೋಣಿಸಿದಳು. ಮೂರು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು.

ಸಂಘದ ವಾರ್ಷಿಕೋತ್ಸವ ಬಂತು. ಗೋದಾಮಿನಲ್ಲೇ, ಮಂಚಗಳ ಎದುರು ವೇದಿಕೆ ಹಾಕಿದರು. ದಾನಿಗಳು ಬಂದರು, ಪತ್ರಿಕೆಯವನೊಬ್ಬ ಬಂದ. ಅಧ್ಯಕ್ಷೆ ನರ್ಸಮ್ಮನನ್ನು ತೋಳು ಹಿಡಿದು ವೇದಿಕೆಗೆ ಕರೆತಂದು, ಎಂದಿನಂತೆ ಅವಳ ಎಡಗಡೆ ಕೂತು ಭಾಷಣ ಸುರು ಮಾಡಿದಳು. ಎರಡು ವರ್ಷದಿಂದ ಪ್ರತಿ ಭಾನುವಾರ ಈ ತಾಯಿಯ ಕಿವಿಯಲ್ಲಿ ತನ್ನ ಸುಖದುಃಖವೆಲ್ಲ ಹೇಳಿಕೊಳ್ಳುತ್ತಾಳಂತೆ. ತನ್ನನ್ನು ಇಷ್ಟು ಬಲ್ಲವರು ಬೇರೆ ಇಲ್ಲವಂತೆ. ಇವಳೇ ತನ್ನ ಎರಡನೇ ತಾಯಿಯಂತೆ. ಮೊದಲನೆಯವಳು ಬದುಕಿದ್ದಳು, ನಾಲ್ಕು ಬೀದಿಯಾಚೆ, ಮಗಳ ಮುಖ ನೋಡದೆ. ಆ ಮಾತು ಭಾಷಣದಲ್ಲಿ ಬರಲಿಲ್ಲ. ಅಧ್ಯಕ್ಷೆ ಕಣ್ಣೊರೆಸಿಕೊಂಡು ಮೈಕನ್ನು ನರ್ಸಮ್ಮನ ಕೈಗೆ ಕೊಟ್ಟಳು.

"ಇವರು ಬಂದು ಕಿವೀಲಿ ಏನೋ ಹೇಳೋದು ನಿಜ" ಎಂದಳು ನರ್ಸಮ್ಮ. "ಆ ಕಿವಿ ನಂಗೆ ಕೇಳ್ಸಲ್ಲ. ಎರಡು ವರ್ಷದಲ್ಲಿ ನಾನು ಒಂದ್ಸಲಾನೂ ಉತ್ತರ ಕೊಟ್ಟಿಲ್ಲ. ಇವರಿಗೆ ಅದು ಬೇಕಾಗೂ ಇರ್ಲಿಲ್ಲ."

ಹಿಂದಿನ ಸಾಲಿನ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ನಗು ಮಂಚದಿಂದ ಮಂಚಕ್ಕೆ ಹಬ್ಬಿತು. ಪತ್ರಿಕೆಯವನು ತಲೆ ತಗ್ಗಿಸಿ ಕೆಮ್ಮಿದ.

ಬುಧವಾರ ಸಂಘದ ಸಭೆ ಸೇರಿತು. ನರ್ಸಮ್ಮನಿಗೆ ಇಲ್ಲಿನ ಗಾಳಿ ಒಗ್ಗುವುದಿಲ್ಲವೆಂದು ಹದಿನಾಲ್ಕು ಮಂದಿ ಸಹಿ ಹಾಕಿದರು. ಊರಾಚೆ, ರೋಗಿಗಳನ್ನು ಇಡುವ ಇನ್ನೊಂದು ಆಶ್ರಯಕ್ಕೆ ಅವಳನ್ನು ಕಳಿಸುವುದೆಂದಾಯಿತು. ಸಂಜೆ ಅಧ್ಯಕ್ಷೆ ಆ ಕಾಗದ ಹಿಡಿದು ದರ್ಜಿಯ ಅಂಗಡಿಗೇ ಬಂದಳು.

"ನೀನೂ ಒಂದು ಸಹಿ ಹಾಕು. ಮನೆ ಮಾನದ ಪ್ರಶ್ನೆ."

"ಮನೆ ಮಾನ ಅತ್ತೆ ಕೋಣೇಲಿ ಏಳು ತಿಂಗಳು ಮಲಗಿತ್ತಲ್ಲಾ ಅಕ್ಕಾ" ಎಂದಳು ದರ್ಜಿ. "ಆಗ ನೀವು ಬಾಗಿಲು ಎಳ್ಕೊಂಡ್ರಿ." ಅಷ್ಟು ಹೇಳಿ ಕತ್ತರಿ ಎತ್ತಿಕೊಂಡು ಬಟ್ಟೆ ಕತ್ತರಿಸತೊಡಗಿದಳು.

ಸಹಿ ಹಾಕದಿದ್ದರಿಂದ ಏನೂ ನಿಲ್ಲಲಿಲ್ಲ. ಗುರುವಾರ ಬೆಳಿಗ್ಗೆ ವ್ಯಾನು ಬಂತು. ಬೀಳ್ಕೊಡಲು ಬಾಂಧವ್ಯದವರು ಒಬ್ಬರೂ ಇರಲಿಲ್ಲ. ಅವರ ಪ್ರೀತಿಗೆ ವಾರದ ದಿನಗಳಲ್ಲಿ ರಜೆ. ದರ್ಜಿ ಅಂಗಡಿ ಮುಚ್ಚಿ, ಬಸ್ಸು ಹತ್ತಿ ಹಿಂದೆಯೇ ಹೋದಳು.

ಅವಳು ತಲುಪುವ ಹೊತ್ತಿಗಾಗಲೇ ಅಲ್ಲಿ ಜಗಳ ನಡೆದಿತ್ತು. ಯಾವಳೋ ಮುದುಕಿಯ ಕಾಲಿಗೆ ಪಟ್ಟಿ ತಪ್ಪಾಗಿ ಕಟ್ಟಿದ್ದಾರೆಂದು ನರ್ಸಮ್ಮ ಮೇಲ್ವಿಚಾರಕನ ಬೆವರಿಳಿಸುತ್ತಿದ್ದಳು. ಅವನು ದರ್ಜಿಯ ಕಡೆ ತಿರುಗಿ, ಇವರು ನಿಮಗೇನಾಗಬೇಕು ಎಂದು ಸಂಕಟದಿಂದ ಕೇಳಿದ. ತಾಯಿ ಎನ್ನಲು ದರ್ಜಿಗೆ ಅಸಹ್ಯವಾಯಿತು. ಗೊತ್ತಿರುವವರು, ವಾರಕ್ಕೊಂದು ಸಲ ಬರುತ್ತೇನೆ ಎಂದಷ್ಟೇ ಹೇಳಿದಳು. ಹಾಗೆಯೇ ಪ್ರತಿ ಗುರುವಾರ ಬಂದಳು. ಎರಡು ತಿಂಗಳಲ್ಲಿ ಔಷಧದ ಬೀರುವಿನ ಬೀಗದ ಕೈ ನರ್ಸಮ್ಮನ ಸೊಂಟ ಸೇರಿತು. ಮೇಲ್ವಿಚಾರಕ ತಾನಾಗಿ ಕೊಟ್ಟನೋ ಸೋತು ಕೊಟ್ಟನೋ ತಿಳಿಯದು.

ಚಳಿಗಾಲದಲ್ಲಿ ದರ್ಜಿಗೆ ಜ್ವರ ಬಂದು ಎರಡು ಗುರುವಾರ ತಪ್ಪಿತು. ಎರಡನೆಯ ಗುರುವಾರ ಕಳೆದ ಮೂರನೆಯ ದಿನ ಮಧ್ಯಾಹ್ನ ದರ್ಜಿಯ ಮನೆ ಬಾಗಿಲಲ್ಲಿ ನರ್ಸಮ್ಮ ನಿಂತಿದ್ದಳು. ವರ್ಷಗಳಿಂದ ಬೀದಿಗೆ ಕಾಲಿಡದವಳು ಮೂರು ಬಸ್ಸು ಬದಲಾಯಿಸಿ, ಅವರಿವರನ್ನು ಕೇಳುತ್ತ ಬಂದಿದ್ದಳು. ನಾಡಿ ನೋಡಿದಳು, ನಾಲಿಗೆ ಚಾಚಿಸಿ ನೋಡಿದಳು, ಡಾಕ್ಟರು ಬರೆದ ಚೀಟಿ ಓದಿ ಪರವಾಗಿಲ್ಲ ಎಂದಳು. ಸಂಜೆಯವರೆಗೆ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಈ ಗುರುವಾರ ಬರ್ಬೇಡ, ಆಚೆ ಗುರುವಾರ ಬಾ" ಎಂದು ಹೇಳಿ, ಕೊನೆಯ ಬಸ್ಸು ತಪ್ಪೀತೆಂದು ಎದ್ದು ಹೊರಟಳು.