ಗುಣವಾಗುತ್ತಿರುವ ಮಗುವಿಗೆ ಎಷ್ಟು ಅಂಕ?

ಬಟ್ಟೆ ಕಾರ್ಖಾನೆಯಲ್ಲಿ ಒಂದು ಅಂಗಿ ಹೊಲಿಯಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುತ್ತಿದ್ದ ಸೊಸೆಯನ್ನು ಮಕ್ಕಳ ಆಸ್ಪತ್ರೆಯವರು ಕರೆಸಿಕೊಂಡರು. ಯಾವ ವಾರ್ಡಿಗೆ ಎಷ್ಟು ನರ್ಸುಗಳು ಬೇಕು ಎಂದು ಅವಳು ಅಳೆದು ಹೇಳಬೇಕಿತ್ತು. ಅವಳ ಅತ್ತೆ ಅಲ್ಲೇ ಎರಡನೇ ಮಹಡಿಯ ವಾರ್ಡಿನ ಹೆಡ್ ನರ್ಸ್. ಸೊಸೆ ಇದನ್ನು ಮೊದಲೇ ತಿಳಿಸಿದಾಗ ಸೂಪರಿಂಟೆಂಡೆಂಟ್ ನಕ್ಕರು. "ಅತ್ತೆ ಕೆಲಸ ಮಾಡೋದನ್ನ ನೋಡ್ತಾ ಕೂತ್ರೆ ಸಂಬಳ ಸಿಗೋದು ಇಲ್ಲಿ ಮಾತ್ರ. ಅಲ್ಲಿಂದಲೇ ಶುರು ಮಾಡಮ್ಮ."

ವಾರ್ಡಿನಲ್ಲಿ ಟ್ರೇ ಹಿಡಿದು ಹೋಗುತ್ತಿದ್ದ ನರ್ಸೊಬ್ಬಳು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ಕೇಳಿಸುವಂತೆಯೇ ಹೇಳಿದಳು. ಅತ್ತೆ ಕಿಟಕಿಯ ಬಳಿ ಸ್ಟೂಲ್ ಹಾಕಿಸಿ, "ಇಲ್ಲಿ ಕೂತ್ಕೋ. ಯಾರ ಕಾಲಿಗೂ ಅಡ್ಡ ಬರ್ಬೇಡ," ಎಂದಷ್ಟೇ ಹೇಳಿ ಹೋದರು.

ಲೆಕ್ಕದ ಪದ್ಧತಿ ಸರಳವಾಗಿತ್ತು. ಕಾಯಿಲೆ ಎಷ್ಟು ಜೋರೋ ಅಷ್ಟು ಅಂಕ. ಆಮ್ಲಜನಕ ಹಾಕಿದ ಮಗುವಿಗೆ ಹೆಚ್ಚು, ಡ್ರಿಪ್ ಇದ್ದರೆ ಅದಕ್ಕಿಂತ ಕಡಿಮೆ, ಬರೀ ಔಷಧಿ ಕುಡಿಯುವ ಮಗುವಿಗೆ ಅಲ್ಪಸ್ವಲ್ಪ. ಮೊತ್ತ ಇಳಿದರೆ ಒಬ್ಬ ನರ್ಸನ್ನು ಬೇರೆ ವಾರ್ಡಿಗೆ ಕಳಿಸಬಹುದು. ಅತ್ತೆಯೂ ಇದನ್ನು ಒಪ್ಪಿದ್ದರು. "ಕಾಯಿಲೆ ಜಾಸ್ತಿ ಇದ್ದ ಕಡೆ ಕೆಲಸ ಜಾಸ್ತಿ. ಅದರಲ್ಲಿ ಕೇಳೋದೇನಿದೆ?"

ಎರಡನೇ ವಾರ ಅಂಕಗಳು ಚೆನ್ನಾಗಿ ಇಳಿದವು, ಒಬ್ಬ ನರ್ಸ್ ಕೆಳಗಿನ ಮಹಡಿಗೆ ಹೋದಳು. ಆದರೆ ಉಳಿದವರ ಊಟದ ಡಬ್ಬಿಗಳು ಮಧ್ಯಾಹ್ನ ಕಳೆದರೂ ಮುಚ್ಚಿದಂತೆಯೇ ಇದ್ದವು. ಸೊಸೆಯ ತಲೆಗೆ ಹುಳ ಹೊಕ್ಕಿತು. ಕಾಗದದ ಮೇಲೆ ಕೆಲಸ ಕಡಿಮೆಯಾಗಿದೆ, ಕಣ್ಣೆದುರಿಗೆ ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾರೆ. ಹಾಗಾದರೆ ಈ ಕೆಲಸ ಬರುತ್ತಿರುವುದು ಎಲ್ಲಿಂದ?

ನರ್ಸುಗಳ ಹಿಂದೆ ತಿರುಗುವುದನ್ನು ಬಿಟ್ಟು, ಒಂದು ಮಗುವನ್ನೇ ನೋಡುತ್ತ ಕೂರೋಣ ಎಂದುಕೊಂಡಳು. ಆರಿಸಿಕೊಂಡದ್ದು ನರ್ಸುಗಳು 'ಚಿನಕುರುಳಿ' ಎಂದು ಕರೆಯುತ್ತಿದ್ದ, ನಾಲ್ಕು ವರ್ಷದ ಹುಡುಗಿಯನ್ನು. ನ್ಯುಮೋನಿಯಾದಿಂದ ಬಂದಾಗ ಅವಳು ಮಾಸ್ಕ್ ಹಾಕಿಕೊಂಡು ಮಿಸುಕದೆ ಮಲಗಿದ್ದಳು, ತಾಯಿ ಪಕ್ಕದಲ್ಲೇ ಇದ್ದಳು. ಈಗ ಜ್ವರ ಬಿಟ್ಟಿತ್ತು. ಮನೆಯಲ್ಲಿ ಹಸುಗೂಸಿದ್ದುದರಿಂದ ತಾಯಿ ಹಗಲು ಹೊತ್ತು ಹೋಗಿಬಿಡುತ್ತಿದ್ದಳು. ಚಿನಕುರುಳಿ ಮಂಚದಿಂದ ಇಳಿದು ಡ್ರಿಪ್ ಸ್ಟ್ಯಾಂಡ್‌ಗಳ ನಡುವೆ ನುಸುಳುತ್ತಿದ್ದಳು. ಒಂದು ಚಮಚ ಔಷಧಿ ಕುಡಿಸಲು ನರ್ಸ್ ಅವಳ ಗೊಂಬೆಗೆ ಮೊದಲು ಕುಡಿಸಬೇಕು, ಆಮೇಲೆ ತಾನೂ ಕುಡಿದಂತೆ ನಟಿಸಬೇಕು. ಅಷ್ಟಾದರೂ ಅರ್ಧ ಔಷಧಿ ಗೌನಿನ ಮೇಲೆ. ಗೌನು ಬದಲಿಸಬೇಕು, ಔಷಧಿ ಮತ್ತೆ ಅಳೆಯಬೇಕು.

ಸೊಸೆ ಇದನ್ನು ಬರೆದುಕೊಳ್ಳುತ್ತಿದ್ದಾಗಲೇ ಅನಾಹುತವಾಯಿತು. ಕೊನೆಯ ಮಂಚದ ಹುಡುಗನಿಗೆ ಅಂದು ಹರ್ನಿಯಾ ಆಪರೇಷನ್. ಬೆಳಿಗ್ಗೆಯಿಂದ ಉಪವಾಸ, ತಂದೆ ಫಾರಂ ತುಂಬಲು ಕೆಳಗೆ ಹೋಗಿದ್ದರಿಂದ ಒಬ್ಬನೇ ಸಣ್ಣಗೆ ಅಳುತ್ತಿದ್ದ. ನರ್ಸುಗಳಿಬ್ಬರೂ ವಾಂತಿ ಮಾಡಿಕೊಂಡ ಇನ್ನೊಂದು ಮಗುವಿನ ಬಳಿ ಇದ್ದರು. ಚಿನಕುರುಳಿ ಅವನ ಪಕ್ಕ ಹತ್ತಿ ಕೂತು, ತನ್ನ ಬಿಸ್ಕತ್ತನ್ನು ಅವನ ಬಾಯಿಗಿಟ್ಟಿದ್ದಳು. ಸೊಸೆ ಓಡಿ ಹೋಗುವಷ್ಟರಲ್ಲಿ ಅವನು ನುಂಗಿಯಾಗಿತ್ತು.

ಆಪರೇಷನ್ ಮರುದಿನಕ್ಕೆ ಹೋಯಿತು. ರಜೆ ಹಾಕಿ ಬಂದಿದ್ದ ಹುಡುಗನ ತಂದೆಯ ಮುಖ ಕೆಂಪಾಗಿತ್ತು. ಅತ್ತೆ ಮುಂದೆ ನಿಂತು, "ಇದು ನಮ್ಮ ವಾರ್ಡಿನ ತಪ್ಪು ಸರ್. ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ," ಎಂದರು.

"ಅವನು ಹೊಟ್ಟೆಗೆ ಹಾಕ್ಕೊಂಡಿದ್ದಕ್ಕೇ ಅಲ್ವಾ ಸಿಸ್ಟರ್ ಈ ಪಾಡು?" ಎಂದ ತಂದೆ. ಹೇಳಿದ ಮೇಲೆ ಅವನಿಗೇ ನಗು ಬಂತು.

ಸೊಸೆಗೆ ಮಾತ್ರ ನಗು ಬರಲಿಲ್ಲ. ಆ ಸಂಜೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ಹೇಳಿದಳು, "ಅತ್ತೆ, ನಿಮ್ಮ ನರ್ಸನ್ನ ಕೆಳಗೆ ಕಳಿಸಿದ್ದು ನನ್ನ ಅಂಕಗಳು."

"ನಾನೂ ಸಹಿ ಹಾಕಿದೀನಲ್ಲ."

"ಮಗು ಮಲಗಿದ್ದಾಗ ಅಂಕ ಜಾಸ್ತಿ, ಎದ್ದು ಓಡಾಡಿದ ದಿನ ಕಡಿಮೆ. ಆದ್ರೆ ಎದ್ದ ಮೇಲೇ ಅಲ್ವಾ ಕೈತುಂಬ ಕೆಲಸ?"

ಅತ್ತೆ ಬಟಾಣಿ ಸಿಪ್ಪೆಗಳನ್ನು ಬದಿಗೆ ಸರಿಸಿದರು. "ಇಷ್ಟು ವರ್ಷ ನಾವು ಅದನ್ನ ಕೆಲಸ ಅಂದ್ಕೊಂಡೇ ಇಲ್ಲ ಕಣೆ. ಗುಣವಾಗ್ತಿದೆ, ಸದ್ಯ, ಅಂತ ಖುಷಿ ಪಟ್ಕೊಂಡು ಓಡಾಡಿದೀವಿ. ಆದ್ರೂ ನಂಗೆ ಪೂರ್ತಿ ನಂಬಿಕೆ ಇಲ್ಲ. ಒಂದು ಮಗೂನ ನೋಡಿ ಹೇಳ್ಬೇಡ, ಎಲ್ಲರನ್ನೂ ನೋಡು."

ಹಾಗೆಯೇ ನೋಡಿದರು. ಸೊಸೆ ಹಗಲಿಡೀ ಕೂತಳು, ಅತ್ತೆ ಬಿಡುವಾದಾಗಲೆಲ್ಲ ಬಂದು ಅವಳ ಎಣಿಕೆಯನ್ನು ತಿದ್ದಿದರು. ಇಬ್ಬರ ಊಹೆಯೂ ಅರ್ಧಂಬರ್ಧ ನಿಜವಾಯಿತು. ಮನೆಯವರು ಪಕ್ಕದಲ್ಲಿದ್ದರೆ ಚೇತರಿಸಿಕೊಳ್ಳುವ ಮಗು ಹಗುರ. ಇಲ್ಲದಿದ್ದರೆ ಆಮ್ಲಜನಕ ಹಾಕಿದ ಮಗುವಿಗಿಂತಲೂ ಹೆಚ್ಚು ಸಮಯ ಬೇಡುತ್ತಿತ್ತು, ಅದರಲ್ಲೂ ಜ್ವರ ಬಿಟ್ಟ ಮೊದಲ ಒಂದೆರಡು ದಿನ.

ಸೂಪರಿಂಟೆಂಡೆಂಟ್ ಎಲ್ಲವನ್ನೂ ಓದಿ, "ಅಂದ್ರೆ ನಾವು ಚೆನ್ನಾಗಿ ಗುಣ ಮಾಡಿದಷ್ಟೂ ಹೆಚ್ಚು ನರ್ಸ್ ಬೇಕು ಅಂತೀರಿ," ಎಂದರು.

"ಒಂದೆರಡು ದಿನ ಮಾತ್ರ ಸರ್," ಎಂದಳು ಸೊಸೆ.

ಅವರು ಒಂದು ತಿಂಗಳ ಮಟ್ಟಿಗೆ ನರ್ಸನ್ನು ಮೇಲಿನ ವಾರ್ಡಿಗೆ ವಾಪಸು ಕಳಿಸಿದರು. ಆ ತಿಂಗಳು ಎಲ್ಲ ದಿನವೂ ಅಲ್ಲದಿದ್ದರೂ ಹೆಚ್ಚಿನ ದಿನ ನರ್ಸುಗಳು ಹೊತ್ತಿಗೆ ಸರಿಯಾಗಿ ಊಟ ಮಾಡಿದರು.

ತಿಂಗಳ ಕೊನೆಗೆ ಅತ್ತೆ ಅವಳನ್ನು ಹಸುಗೂಸುಗಳ ವಾರ್ಡಿನ ಬಾಗಿಲಿಗೆ ಕರೆದೊಯ್ದರು. ಒಳಗೆ ಸಾಲು ತೊಟ್ಟಿಲುಗಳು, ಪ್ರತಿ ತೊಟ್ಟಿಲಿಗೂ ಒಬ್ಬ ತಾಯಿ.

"ಇಲ್ಲಿ ತಾಯಂದಿರು ಇದ್ದಷ್ಟೂ ನರ್ಸುಗಳಿಗೆ ಕೆಲಸ ಜಾಸ್ತಿ ಅಂತಾರೆ ಇಲ್ಲಿನ ಸಿಸ್ಟರ್. ನಿನ್ನ ಲೆಕ್ಕಕ್ಕೆ ಉಲ್ಟಾ."

"ಅದು ಹೇಗೆ ಅತ್ತೆ?"

"ನಂಗೇನು ಗೊತ್ತು? ಕೂತು ನೋಡು," ಎಂದು ಅತ್ತೆ ತಮ್ಮ ವಾರ್ಡಿನ ಕಡೆ ನಡೆದರು.