ಆರನೆಯವನು

ಟಿ.ವಿ.ಯ ಆ ಆರನೆಯವನು ಯಂತ್ರವಂತೂ ಅಲ್ಲ ಎಂದು ಆಕಾಶ ಹಲ್ಲುಜ್ಜುತ್ತಲೇ ತೀರ್ಮಾನಿಸಿದ. ಯಂತ್ರಕ್ಕೆ ಹಸಿವಿರುವುದಿಲ್ಲ. ಅವನಾದರೋ ಪ್ರತಿ ಭಾನುವಾರ ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಣ್ಣುತ್ತಿದ್ದ. ನಾಳೆಯ ಊಟದ ಖಾತ್ರಿ ಇಲ್ಲದವರು ಹಾಗೆ ಉಣ್ಣುತ್ತಾರೆಂಬುದು ಆಕಾಶನಿಗೆ ಗೊತ್ತಿತ್ತು.

“ಸರ, ಇವತ್ತ ಲಗೂ ಬರ್ರಿ,” ಮನೆಯ ಮಾಲಕ ಸಂಗಪ್ಪ ಕಟ್ಟೆಯ ಮೇಲಿಂದ ಕೂಗಿದ. “ಕಡೀ ಕಂತು ಐತಿ. ನಮ್ಮ ಕಾಕಾನ ಮಗ ಮಹಾದೇವನೂ ಬರಾಕತ್ತಾನ. ನಿಮ್ಮ ಊರಾವ, ಸುರೇಬಾನದಾವ. ಅಲ್ಲಿ ಅವಗ ಗೊತ್ತಿಲ್ಲದ ಮನಿ ಒಂದೂ ಇಲ್ಲ ನೋಡ್ರಿ.”

ಆಕಾಶ ಬಾಯಿ ತುಂಬ ನೊರೆ ಇಟ್ಟುಕೊಂಡು ತಲೆಯಾಡಿಸಿದ. ನೊರೆ ಇದ್ದದ್ದು ಒಳ್ಳೆಯದೇ ಆಯಿತು.

ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ಮಂಚದ ಮೇಲೆ ಕೂತ. ಜ್ವರ ಎನ್ನಬಹುದು. ಜ್ವರ ಎಂದರೆ ಸಂಗಪ್ಪನ ಹೆಂಡತಿ ಗುರವ್ವ ಕಷಾಯ ಹಿಡಿದು ಬರುತ್ತಾಳೆ, ಹಿಂದೆಯೇ ಅವಳ ಭಾವ ಮಹಾದೇವನೂ ಮಾತಾಡಿಸಲು ಬರುತ್ತಾನೆ. ಕಾಲೇಜಿಗೆ ಹೋಗಬೇಕು ಎನ್ನಬಹುದು. ಭಾನುವಾರ ಕಾಲೇಜಿನಲ್ಲಿ ಕಾವಲುಗಾರನೂ ಇರುವುದಿಲ್ಲವೆಂದು ಇಡೀ ಬೈಲಹೊಂಗಲಕ್ಕೆ ಗೊತ್ತು. ಇಂಥ ನೆವಗಳನ್ನು ಹುಡುಕುವುದರಲ್ಲಿ ಪಳಗಿದ ತಲೆ ಇವತ್ತು ಯಾಕೋ ಕೈಕೊಟ್ಟಿತು. ನಿಜ ಹೇಳಬೇಕೆಂದರೆ ಅವನಿಗೆ ಹೋಗಬೇಕಾಗಿತ್ತು. ಆ ಪಡಸಾಲೆಯ ಚಾಪೆ, ಗುರವ್ವನ ಚಹಾ, ‘ಉಂಡ್ರೇನ್ರಿ ಸರ’ ಎಂಬ ಆ ಒಂದು ಮಾತು, ಇವು ಬಿಟ್ಟರೆ ಈ ಊರಿನಲ್ಲಿ ಅವನಿಗೆ ಏನೂ ಇರಲಿಲ್ಲ. ಇವತ್ತು ಅವು ಕೈತಪ್ಪಿ ಹೋಗಬಹುದಾಗಿತ್ತು.

‘ಆಖ್ರಿ ನೌಕಾ’ ಎಂಬ ಆ ಹಿಂದಿ ಧಾರಾವಾಹಿ ಊರಿನ ಭಾನುವಾರಗಳನ್ನು ಪೂರ್ತಿ ವಶ ಮಾಡಿಕೊಂಡಿತ್ತು. ಭೂಮಿ ಬಿಟ್ಟು ಬೇರೆ ಗ್ರಹಕ್ಕೆ ಹೊರಟ ಹಡಗು. ಅದರಲ್ಲಿ ಐದು ಜನ. ಕೆಲವು ಕಂತು ಕಳೆದ ಮೇಲೆ ನೋಡಿದರೆ ಊಟದ ಮೇಜಿಗೆ ಆರು ಜನ ಕೂತಿದ್ದಾರೆ. ಆರನೆಯವನು ಎಲ್ಲಿಂದ ಬಂದನೆಂದು ಹಡಗಿನಲ್ಲಿ ಒಬ್ಬರೂ ಕೇಳಲಿಲ್ಲ. ಅವನು ಮಾತಾಡುತ್ತಿರಲಿಲ್ಲ. ಮೆಲ್ಲಗೆ ನಗುತ್ತಿದ್ದ, ಉಪ್ಪು ಬೇಕೆಂದವರ ಕಡೆ ಉಪ್ಪು ಸರಿಸುತ್ತಿದ್ದ. ಹಡಗಿನವರು ಕೇಳದೆ ಬಿಟ್ಟದ್ದನ್ನು ಬೈಲಹೊಂಗಲ ಕೇಳತೊಡಗಿತು. ಹತ್ತಿ ಪೇಟೆಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸೋಮವಾರ ಪೂರ್ತಿ ಅದೇ ಮಾತು.

ಹತ್ತಿ ವ್ಯಾಪಾರದ ಸಂಗಪ್ಪನ ಪ್ರಕಾರ ಅವನು ಕಳ್ಳ. ಹಡಗು ಬಿಡುವ ಮುಂಚೆ ಸಾಮಾನಿನ ನಡುವೆ ಅಡಗಿ ಕೂತವನು. ಬಿ.ಎ. ಓದುವ ಮಗಳು ನಾಗರತ್ನಾ, ಅವನು ಮುಂದಿನ ಕಾಲದಿಂದ ಬಂದ ಕ್ಯಾಪ್ಟನ್ನನ ಮೊಮ್ಮಗ ಎನ್ನುತ್ತಿದ್ದಳು. ಮೂಗು ಹೋಲುತ್ತದೆಂಬುದು ಅವಳ ಪುರಾವೆ. ಗುರವ್ವ ಗಂಡನನ್ನೂ ಒಪ್ಪುತ್ತಿರಲಿಲ್ಲ, ಮಗಳನ್ನೂ ಒಪ್ಪುತ್ತಿರಲಿಲ್ಲ. “ಅವ ಅವರ ಪೈಕಿನ. ಇಲ್ಲಂದ್ರ ಒಂದ ಪಂಕ್ತಿಗೆ ಹೆಂಗ ಕೂಡಿಸ್ಕೋತಿದ್ರು?” ಎಂದು ಮಾತು ಮುಗಿಸುತ್ತಿದ್ದಳು.

ಕೊನೆಗೆ ಎಲ್ಲರೂ ಫಿಸಿಕ್ಸ್ ಕಲಿಸುವ ಬಾಡಿಗೆಯವನ ಕಡೆ ತಿರುಗುತ್ತಿದ್ದರು. ಆಕಾಶ ವಾರಕ್ಕೊಂದು ಸಿದ್ಧಾಂತ ಕಟ್ಟುತ್ತಿದ್ದ. ಆರನೆಯವನು ಐವರೂ ಕೂಡಿ ಕಾಣುವ ಕನಸು. ಆರನೆಯವನು ಬೆಳಕು ಬಾಗಿದಾಗ ಹುಟ್ಟಿದ ಪ್ರತಿಬಿಂಬ. ಆರನೆಯವನು ಯಂತ್ರ. ಈ ಸಿದ್ಧಾಂತಗಳಲ್ಲಿ ಒಂದರಲ್ಲೂ ಆ ಮನುಷ್ಯನಿಗೆ ತಂದೆತಾಯಿ ಇರುತ್ತಿರಲಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ, ಸರ್ ಭಾರಿ ತಲೆ ಎಂದು ಹೊಗಳಿ ಚಹಾ ಕುಡಿಸುತ್ತಿದ್ದರು.

ಹೀಗೆ ಅವರು ಟಿ.ವಿ.ಯವನ ಬಗ್ಗೆ ತಲೆ ಕೆಡಿಸಿಕೊಂಡಿದ್ದರೇ ವಿನಾ ಚಾಪೆಯ ಮೇಲೆ ಕೂತವನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅವನ ಬಗೆಗಿನ ಸಿದ್ಧಾಂತ ಮೊದಲ ದಿನವೇ ತಯಾರಾಗಿತ್ತು. ಎರಡು ವರ್ಷದ ಹಿಂದೆ ಕೋಣೆ ನೋಡಲು ಬಂದಾಗ ಆಕಾಶನ ಹೊಟ್ಟೆ ಕೆಟ್ಟಿತ್ತು. ಗುರವ್ವ ಮುಂದಿಟ್ಟ ಅವಲಕ್ಕಿಯನ್ನು ಬೇಡವೆಂದ. ಅವತ್ತು ಸೋಮವಾರ. “ಅಯ್ಯ, ಸೋಮಾರ ಹಿಡದೀರೇನ್ರಿ? ಈಗಿನ ಹುಡುಗೂರಾಗ ಯಾರ ಮಾಡ್ತಾರ್ರಿ!” ಎಂದು ಗುರವ್ವನ ಮುಖ ಅರಳಿತು. ಸುರೇಬಾನ ಎಂಬ ಅಡ್ಡಹೆಸರಿಗೆ ಜಾತಿ ಇರಲಿಲ್ಲ. ಈ ಸೀಮೆಯಲ್ಲಿ ಊರ ಹೆಸರು ಇಟ್ಟುಕೊಂಡವರು ಎಲ್ಲರಲ್ಲೂ ಇದ್ದಾರೆ. ಕೊರಳಲ್ಲಿ ಲಿಂಗ ಕಾಣದಿದ್ದಾಗ, ಕಲಿತ ಹುಡುಗರು ಈಗೆಲ್ಲಿ ಕಟ್ಟುತ್ತಾರೆ ಎಂದು ಅವಳೇ ಸಮಾಧಾನ ಹೇಳಿಕೊಂಡಳು. ಆಕಾಶ ಒಂದು ಸುಳ್ಳನ್ನೂ ಹೇಳಲಿಲ್ಲ. ಹೇಳುವುದನ್ನೆಲ್ಲ ಅವಳೇ ಹೇಳಿದ್ದಳು.

ಅಂದಿನಿಂದ ಅವನು ಸೋಮವಾರ ಒಪ್ಪತ್ತು ಮಾಡುತ್ತಿದ್ದ. ಅಪ್ಪ ನೀಲಪ್ಪ ಮುಂಬೈಯ ಗಿರಣಿಯಲ್ಲಿದ್ದಾಗ ಬೌದ್ಧ ದೀಕ್ಷೆ ತೆಗೆದುಕೊಂಡು, ಊರಿಗೆ ಬಂದು, ಮಗನಿಗೆ ಯಾವ ದೇವರಿಗೂ ಸೇರದ ಹೆಸರನ್ನು ಹುಡುಕಿ ಇಟ್ಟಿದ್ದ. ಆ ಮಗ ಈಗ ತಾನು ನಂಬದ ಶಿವನ ಹೆಸರಿನಲ್ಲಿ ವಾರಕ್ಕೊಮ್ಮೆ ಹಸಿದುಕೊಂಡಿರುತ್ತಿದ್ದ. ಸಂಜೆ ಗುರವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ ತಂದಿಟ್ಟು ಉಪವಾಸ ಬಿಡಿಸುತ್ತಿದ್ದಳು. ಆ ರೊಟ್ಟಿ ಮಾತ್ರ ಬಹಳ ರುಚಿಯಾಗಿರುತ್ತಿತ್ತು.

ಹತ್ತು ಗಂಟೆಗೆ ಪಡಸಾಲೆಗೆ ಹೋದಾಗ ಮಹಾದೇವ ಆಗಲೇ ಕುರ್ಚಿಯಲ್ಲಿ ಕೂತಿದ್ದ. ಸಣಕಲ ಮೈ, ಬಿಳಿ ಟೋಪಿ. ಆಕಾಶ ಅವನನ್ನು ಬಾಗಿಲಲ್ಲೇ ಗುರುತಿಸಿದ. ಸುರೇಬಾನದ ಕಿರಾಣಿ ಅಂಗಡಿಯವನು. ಚಿಕ್ಕಂದಿನಲ್ಲಿ ಅವ್ವನ ಸೆರಗು ಹಿಡಿದು ಆ ಅಂಗಡಿಯ ಕಟ್ಟೆಯ ಕೆಳಗೆ ಎಷ್ಟೋ ಸಲ ನಿಂತಿದ್ದ. ಅವರ ಕೇರಿಯವರು ಕಟ್ಟೆ ಹತ್ತುತ್ತಿರಲಿಲ್ಲ. ಬೆಲ್ಲದ ಪೊಟ್ಟಣ ಮೇಲಿಂದ ಅವ್ವನ ಉಡಿಗೆ ಬೀಳುತ್ತಿತ್ತು.

“ಇವರ ನೋಡು ನಮ್ಮ ಸರ,” ಸಂಗಪ್ಪ ಹೆಮ್ಮೆಯಿಂದ ಹೇಳಿದ.

ಮಹಾದೇವ ಕೈಮುಗಿದ. ಮುಗಿದ ಕೈ ಇಳಿಸುವುದರೊಳಗೆ ಕೇಳಿದ, “ಸುರೇಬಾನದಾಗ ಯಾರ ಪೈಕಿರಿ?”

“ಊರ ಬಿಟ್ಟು ಬಾಳ ವರ್ಷ ಆತ್ರಿ. ಹೊರಗ ಕಲತದ್ದ ಜಾಸ್ತಿ.”

“ಹೌದಲ್ರಿ. ಮನಿ ಯಾವ ಕಡೆ?”

“ಬಸ್ ಸ್ಟ್ಯಾಂಡ್ ಕಡೆ.”

“ಬಸ್ ಸ್ಟ್ಯಾಂಡ್ ಕಡೆ,” ಎಂದ ಮಹಾದೇವ. ಅವನ ಕಣ್ಣು ಆಕಾಶನ ಮುಖದ ಮೇಲೆ ಏನನ್ನೋ ಹುಡುಕುತ್ತಿತ್ತು. ಹುಬ್ಬಿನ ಮೇಲೆ ನಿಂತಿತು. ಆಕಾಶನ ಹುಬ್ಬು ಥೇಟ್ ನೀಲಪ್ಪನದು.

“ಶುರು ಆತು, ಸುಮ್ಮಿರ್ರೆಲ್ಲಾ!” ನಾಗರತ್ನಾ ಗದರಿದಳು.

ಹಡಗು ಹೊಸ ಗ್ರಹ ಮುಟ್ಟಿತ್ತು. ಇಳಿಯುವ ಬಾಗಿಲು ಐದು ಜನರಿಗೆ ಮಾತ್ರ ತೆರೆಯುವಂತೆ ಭೂಮಿಯಲ್ಲೇ ಮಾಡಿಟ್ಟಿದ್ದರು. ಐವರೂ ಎದ್ದು ನಿಂತರು. ಆರನೆಯವನು ಮೇಜಿನ ಮುಂದೆ ಕೂತೇ ಇದ್ದ. ಕ್ಯಾಪ್ಟನ್ ಮರಳಿ ಬಂದು, ಇಷ್ಟು ಕಂತುಗಳಲ್ಲಿ ಮೊದಲ ಸಲ ಅವನನ್ನು ನೇರವಾಗಿ ನೋಡಿ, ನೀನು ಯಾರು ಎಂದು ಕೇಳಿದ. ಪಡಸಾಲೆಯಲ್ಲಿ ಉಸಿರು ನಿಂತಿತು. ಆರನೆಯವನು ಚಮಚ ಕೆಳಗಿಟ್ಟ. ಬಾಯಿ ತೆರೆದ.

ತೆರೆಯ ಮೇಲೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂದು ಪ್ರಸಾರದ ಅಡಚಣೆಗೆ ವಿಷಾದಿಸುವ ದೂರದರ್ಶನದ ಹಲಗೆ ಬಂದು ನಿಂತಿತು.

ಸಂಗಪ್ಪ ಟಿ.ವಿ.ಯ ತಲೆಗೆ ಎರಡು ಬಾರಿಸಿದ. ನಾಗರತ್ನಾ ಮಾಳಿಗೆಗೆ ಓಡಿ ಆಂಟೆನಾ ತಿರುವಿದಳು. ಹಲಗೆ ಕದಲಲಿಲ್ಲ. ಅದು ಹೋದಾಗ ಒಬ್ಬ ಹೆಂಗಸು ಸೋಪಿನ ನೊರೆಯಲ್ಲಿ ನಗುತ್ತಿದ್ದಳು. ಧಾರಾವಾಹಿ ಮುಗಿದುಹೋಗಿತ್ತು.

“ಇವರ ಮನಿ ಹಾಳಾಗ,” ಎಂದು ಗುರವ್ವ ದಿಲ್ಲಿಯವರನ್ನು ಬೈದಳು. ಆಮೇಲೆ ಎಲ್ಲರೂ ಆಕಾಶನ ಕಡೆ ತಿರುಗಿದರು.

“ಏನ್ ಅಂದಿರಬೇಕ್ರಿ ಸರ ಅವ?” ಎಂದ ಸಂಗಪ್ಪ. “ನೀವ ಹೇಳಬೇಕ ಇನ್ನ.”

ಆಕಾಶನ ಹತ್ತಿರ ಒಂದು ಸಿದ್ಧಾಂತ ಸಿದ್ಧವಿತ್ತು. ಬೆಳಕು, ವೇಗ, ಎರಡನೆಯ ಭೂಮಿ. ಮಹಾದೇವ ನೋಡುತ್ತಿದ್ದ. ಬಾಯಿಂದ ಹೊರಟದ್ದು ಬೇರೆ.

“ಅವ ಎಲ್ಲಿಂದೂ ಬಂದಾವ ಅಲ್ರಿ, ಭೂಮಿಯಾವನ. ಹಡಗಾ ಕಟ್ಟೂ ಮುಂದ ಕಬ್ಬಿಣಾ ಹೊತ್ತಾವ. ಬಾಗಲದಾಗ ನಿಂತಿದ್ದ. ಇವ ನಮ್ಮಾವನ ಅಂತ ತಿಳಕೊಂಡು ಯಾರೋ ಬಾ, ಕುಂದರು ಅಂದ್ರು. ಹಸಿವಿ ಆಗಿತ್ತು, ಕುಂತ.” ಮಹಾದೇವನ ಕಡೆ ನೋಡದೆ ಮುಂದುವರಿಸಿದ. “ನಾ ನಿಮ್ಮಾವ ಅಲ್ಲ ಅಂತ ಮೊದಲನೇ ದಿನಾ ಹೇಳಬೇಕಿತ್ತು. ಮರುದಿನಾ ಹೇಳಿದ್ರ ನಿನ್ನೆ ಮೋಸಾ ಮಾಡಿದಂಗ ಆಗತಿತ್ತು. ಆಮ್ಯಾಲ ಅವರ ಮ್ಯಾಲೆ ಜೀವಾ ಬಂತು. ಜೀವಾ ಬಂದ ಮ್ಯಾಲೆ ಹೆಂಗ ಹೇಳೂದ್ರಿ?”

ಗುರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳದು ಬೇಗ ಕರಗುವ ಜೀವ.

“ಪಾಪ, ಎಷ್ಟ ದಿನಾ ಅಂಜಿಕೋತ ಉಂಡಿರಬೇಕದು,” ಎಂದಳು. “ಅಲ್ರಿ ಸರ, ಹೇಳಿದ್ರ ಏನ್ ಆಗತಿತ್ತವಗ? ಒಂದ ತಾಟು ಬ್ಯಾರೆ ಇಡತಿದ್ರು. ಉಪಾಸ ಏನ್ ಕೆಡವತಿದ್ದಿಲ್ಲ.”

“ಬ್ಯಾರೆ ಯಾಕವಾ?” ಎಂದಳು ನಾಗರತ್ನಾ.

“ಅದು ಹಂಗ ಇರತೈತಿ, ನಿನಗ ತಿಳಿಯೂದಿಲ್ಲ.”

ಆಕಾಶನಿಗೆ ನಗು ಬಂತು, ನಗಲಾಗಲಿಲ್ಲ. ಅವಳು ಒಂದಿಷ್ಟೂ ಕೆಡುಕಿಲ್ಲದೆ ಹೇಳಿದ್ದಳು. ಬೈದಿದ್ದರೆ ಎದ್ದು ಹೋಗಬಹುದಿತ್ತು, ವಾದ ಮಾಡಬಹುದಿತ್ತು. ತಾನು ಯಾರೆಂದು ಹೇಳಿದರೆ ಇವಳು ತನಗಾಗಿ ನಿಜವಾಗಿಯೂ ಅತ್ತು, ಕಣ್ಣೊರೆಸಿಕೊಂಡು, ಆಮೇಲೆ ಆ ಬೇರೆ ತಟ್ಟೆಯನ್ನು ಚೆನ್ನಾಗಿ ಬೆಳಗಿ ತಂದಿಡುತ್ತಾಳೆ. ಅದರಲ್ಲೂ ಎಣ್ಣೆಗಾಯಿ ಇರುತ್ತದೆ. ಇಂಥ ಪ್ರೀತಿಯ ಎದುರು ಏನು ಮಾಡಬೇಕೆಂದು ಅವನು ಓದಿದ ಯಾವ ಪುಸ್ತಕವೂ ಹೇಳಿರಲಿಲ್ಲ.

“ಇದು ಬರೇ ನನ್ನ ಊಹೆರಿ,” ಎಂದ.

“ಚಲೋ ಹೇಳಿದ್ರಿ ಸರ,” ಎಂದ ಮಹಾದೇವ, ನೆಲ ನೋಡುತ್ತ. ಆಮೇಲೆ ಟೋಪಿ ಸರಿಮಾಡಿಕೊಂಡು ಎದ್ದ. “ನಂಗ ರಾಮದುರ್ಗದ ಬಸ್ ಹಿಡೀಬೇಕು. ಸರ ಒಂದೀಟ ಕಳಸಿ ಬರಲಿ.”

ಗುರವ್ವ ಊಟ ಮಾಡಿ ಹೋಗಲು ಎಷ್ಟು ಹೇಳಿದರೂ ಅವನು ನಿಲ್ಲಲಿಲ್ಲ. ಅವಳು ರೊಟ್ಟಿಯ ಬುತ್ತಿ ಕಟ್ಟಿಕೊಟ್ಟಳು. “ನೀವು ಲಗೂ ಬರ್ರಿ ಸರ, ನಿಮ್ಮ ಸಂಬಂಧ ಕಾಯತೇವಿ,” ಎಂದಳು.

ಇಬ್ಬರೂ ಪೇಟೆ ದಾಟಿದರು. ಆಮೇಲೆ ಮಹಾದೇವ ಮುಂದೆ ನೋಡುತ್ತಲೇ ಹೇಳಿದ, “ನೀಲಪ್ಪ ಆರಾಮ ಅದಾನ್ರಿ.”

ಆಕಾಶ ಹೂಂ ಎಂದ. ಆ ಹೂಂ ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

“ನಿಮ್ಮವ್ವ ಕಾಡವ್ವ ಮೊನ್ನೆ ಅಂಗಡಿಗೆ ಬಂದಿದ್ಲು. ಮಗಾ ಬೈಲಹೊಂಗಲದಾಗ ದೊಡ್ಡ ಮಾಸ್ತರ ಆಗ್ಯಾನ, ಒಮ್ಮೆ ಮನಿ ತೋರಸೋ ಅಂದ್ರ ಇವತ್ತ ನಾಳೆ ಅಂತಾನ, ಅಂದ್ಲು.”

ಪರೀಕ್ಷೆ, ಪೇಪರ್ ತಿದ್ದುವುದು, ಕೋಣೆ ಸಣ್ಣದು, ನೀರಿಲ್ಲ. ಅವ್ವನಿಗೆ ಹೇಳಿದ ಎಲ್ಲವೂ ನೆನಪಾಗಿ ನಾಚಿಕೆಯಿಂದ ಮುಖ ಸುಟ್ಟಿತು.

“ನಾ ಯಾರ ಮುಂದೂ ಹೇಳಾವಲ್ರಿ,” ಎಂದ ಮಹಾದೇವ. ಊರಿನಲ್ಲಾಗಿದ್ದರೆ ‘ಲೇ ನೀಲ್ಯಾನ ಮಗನ’ ಎನ್ನುತ್ತಿದ್ದ ಬಾಯಿ ಅದು. “ಆದರ ಅವರು ದೇವರಂಥಾ ಮಂದಿ ಸರ. ತಿಳೀಲಾರದ ಅವರ ಕೈಲೆ ತಪ್ಪಾಗೂದು ಬ್ಯಾಡ. ನೀವ ಏನರ ನೆವಾ ಹೇಳಿ ಆ ಕೋಣಿ...”

ಅವನು ಮಾತು ಮುಗಿಸಲಿಲ್ಲ. ಅವನ ದನಿಯಲ್ಲೂ ಸಿಟ್ಟಿರಲಿಲ್ಲ. ಇವತ್ತು ಯಾರ ದನಿಯಲ್ಲೂ ಸಿಟ್ಟಿಲ್ಲವಲ್ಲ ಎಂದು ಆಕಾಶನಿಗೆ ಒಂಥರ ಹೆದರಿಕೆಯಾಯಿತು.

ಯರಗಟ್ಟಿ ಮೇಲೆ ಹಾಯ್ದು ಹೋಗುವ ರಾಮದುರ್ಗದ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ನಿಲ್ಲುವ ಮುಂಚೆಯೇ ಜನ ಮುಗಿಬಿದ್ದರು. ಕಿಟಕಿಗಳೊಳಗೆ ಟವೆಲು, ಟೋಪಿ, ಕೈಚೀಲ ಹಾರಿದವು. ಬಿದ್ದ ಜಾಗ ಎಸೆದವನದು. ಆಕಾಶನ ಕೈ ತಾನಾಗಿ ಜೇಬಿಗೆ ಹೋಗಿ ಕರವಸ್ತ್ರ ತೆಗೆಯಿತು, ಕಿಟಕಿಯೊಳಗೆ ಎಸೆಯಿತು. ಮಹಾದೇವನಿಗೆ ಜಾಗ ಹಿಡಿದೆ ಎಂದುಕೊಂಡ. ಆದರೆ ಮಹಾದೇವ ಹಿಂದಿನ ಬಾಗಿಲಿಂದ ನುಗ್ಗಿ ಬಂದು ಕರವಸ್ತ್ರದ ಪಕ್ಕದ ಸೀಟಿನಲ್ಲಿ ಕೂತುಬಿಟ್ಟಿದ್ದ.

ಹಾಗಾದರೆ ಹಿಡಿದ ಈ ಜಾಗ ಯಾರಿಗೆ? ಹತ್ತಿದರೆ ಸಂಜೆಯೊಳಗೆ ಅವ್ವನ ಮುಂದೆ ಕೂತಿರಬಹುದು. ಈ ಕಡೆ ಗುರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಗಿಲು ನೋಡುತ್ತಿರಬಹುದು. ಎರಡು ಕಡೆಯೂ ಅವನಿಗೆ ಹಸಿವಾಯಿತು. ಕಾಲು ಮಾತ್ರ ಯಾವ ಕಡೆಗೂ ಏಳಲಿಲ್ಲ.

ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡ ಹೆಂಗಸೊಬ್ಬಳು ಆ ಸೀಟಿನ ಬಳಿ ಬಂದು ಏನೋ ಕೇಳಿದಳು.

“ಮಂದಿ ಐತಿ ಇಲ್ಲೆ,” ಎಂದ ಮಹಾದೇವ, ಕಿಟಕಿಯಾಚೆ ಆಕಾಶನನ್ನು ನೋಡುತ್ತ. ಕರೆಯುತ್ತಿದ್ದಾನೋ, ಕಾಯುತ್ತಿದ್ದಾನೋ, ಆ ಮುಖದಲ್ಲಿ ತಿಳಿಯಲಿಲ್ಲ. ಕರವಸ್ತ್ರದ ಒಂದು ತುದಿ ಅವನ ಧೋತರದ ಕಡೆ ಸರಿದಿತ್ತು. ಅವನು ಅದನ್ನು ಎತ್ತಲಿಲ್ಲ, ಆಚೆ ನೂಕಲೂ ಇಲ್ಲ; ತಾನೇ ತುಸು ಸರಿದು ಕೂತ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು, ಒಳಗೆ ಒಬ್ಬರ ಮೇಲೊಬ್ಬರು ಒರಗಿ ನಿಂತಿದ್ದರು, ಕೂಸಿನ ಹೆಂಗಸು ಕಂಬಿ ಹಿಡಿದು ಹೊಯ್ದಾಡುತ್ತಿದ್ದಳು. ಅವರೆಲ್ಲರ ನಡುವೆ, ಯಾರೂ ಮುಟ್ಟದ ಒಂದು ಖಾಲಿ ಸೀಟು, ಬಿಳಿ ಕರವಸ್ತ್ರ ಹೊತ್ತುಕೊಂಡು, ಸುರೇಬಾನದ ಕಡೆಗೆ ಹೋಯಿತು.