ಅತ್ತೆಯ ಹಿಮ್ಮಡಿ

ಊರ ಕುಡಿಯುವ ನೀರಿನ ಕಟ್ಟೆಯ ಕಾವಲಿಗೆ ನನ್ನನ್ನು ಕೂರಿಸಿದ್ದು ನನ್ನ ಅತ್ತೆ ಹವಾಬು. ಅವಳು ನಮ್ಮೂರ ಮಗಾಜಿಯಾ, ಹೆಂಗಸರಿಗೆಲ್ಲ ಯಜಮಾನಿ. ತಮಾಲೆ ಪಟ್ಟಣದಿಂದ ಬಂದ ಆರೋಗ್ಯ ಇಲಾಖೆಯವರು ಕಾವಲಿಗೆ ಇಬ್ಬರನ್ನು ಆರಿಸಿ ಅಂದಾಗ, ವಿಧವೆ ಅಜಾರಾಳ ಹೆಸರನ್ನು ಊರೇ ಹೇಳಿತು. ಇನ್ನೊಬ್ಬಳು ಯಾರು ಅಂದರೆ ಅತ್ತೆ ನನ್ನ ಕಡೆ ಗದ್ದ ತಿರುಗಿಸಿದಳು.

"ನಮ್ಮನೆ ಮೂಗಿ ಇದಾಳಲ್ಲ. ಆ ಕುಂಟುಕಾಲು ಗೆಣಸಿನ ಹೊಲಕ್ಕಂತೂ ಆಗಲ್ಲ. ಬೆದರುಬೊಂಬೆ ಥರ ಅಲ್ಲಾದ್ರೂ ನಿಂತಿರ್ಲಿ."

ಎಲ್ಲರೂ ನಕ್ಕರು. ನನ್ನ ಗಂಡ ಇದ್ರಿಸು ಕೂಡ ನಕ್ಕ.

ನನ್ನ ಕಾಲು ಹೀಗಾದದ್ದು ನಾರುಹುಳದಿಂದ. ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಂಡಿಯ ಪಕ್ಕ ಬೊಕ್ಕೆ ಎದ್ದು ಒಡೆಯಿತು, ಒಳಗಿಂದ ಬಿಳಿ ದಾರದಂಥ ಹುಳ ಇಣುಕಿತು. ಚಿಕ್ಕಮ್ಮ ಅವಸರಪಟ್ಟು ಎಳೆದಳು. ಹುಳ ಹರಿಯಿತು. ಒಳಗುಳಿದ ಅರ್ಧ ಅಲ್ಲೇ ಕೊಳೆತು ಕೀವಾಗಿ ಕಾಲು ಸೆಟೆದುಕೊಂಡಿತು. ಮತ್ತೆ ಶಾಲೆಗೆ ಹೋಗಲಿಲ್ಲ.

ನಮ್ಮಲ್ಲಿ ಹಿರಿಯರು ಎದುರಾದರೆ ಹೆಂಗಸರು ಕುಕ್ಕರುಗಾಲಲ್ಲಿ ಕೂತು, ತಲೆ ತಗ್ಗಿಸಿ, ಅವರು ಸಾಕು ಅನ್ನುವವರೆಗೂ ಕ್ಷೇಮ ಕೇಳಬೇಕು. ನನಗೆ ಒಂದೇ ಕಾಲು ಮಡಿಸಲು ಬರುತ್ತದೆ, ಇನ್ನೊಂದು ಮುಂದಕ್ಕೆ ಚಾಚಿಕೊಳ್ಳುತ್ತದೆ. ಅತ್ತೆ ಅದಕ್ಕೆ ಕೊಕ್ಕರೆ ಅನ್ನುತ್ತಿದ್ದಳು. ಆದರೆ ಹಾಗೆ ಕೂತವಳಿಗೆ ಮುಖಕ್ಕಿಂತ ಮೊದಲು ಕಾಲು ಕಾಣುತ್ತದೆ. ಯಾರ ಪಾದ ಊದಿದೆ, ಯಾರು ಉಟ್ಟ ಬಟ್ಟೆಯನ್ನು ನೆಲದವರೆಗೆ ಇಳಿಬಿಟ್ಟಿದ್ದಾರೆ, ಯಾರು ಹಿಮ್ಮಡಿ ಊರದೆ ನಡೆಯುತ್ತಿದ್ದಾರೆ ಎಲ್ಲ ಗೊತ್ತಾಗುತ್ತದೆ. ನಾರು ಇದ್ದವರನ್ನು ನಾನು ತಡೆದು, ಅವರ ಕೊಡಕ್ಕೆ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿಸಿ ಕೊಡುತ್ತಿದ್ದೆ. ಬೈದುಕೊಂಡೇ ಹೋಗುತ್ತಿದ್ದರು. ನಾರು ಹೊರಬರುವಾಗ ಕೆಂಡ ಇಟ್ಟಂತೆ ಉರಿಯುತ್ತದೆ, ನೀರಿಗೆ ಇಳಿದರೆ ತಣ್ಣಗಾಗುತ್ತದೆ. ಅದು ಹುಳದ ಮೋಸ. ನೀರು ಸೋಕಿದ್ದೇ ತಡ, ಹಾಲಿನಂತೆ ಮರಿಗಳನ್ನು ಕಕ್ಕುತ್ತದೆ. ಆ ನೀರನ್ನು ಇವತ್ತು ಕುಡಿದವರ ಕಾಲಲ್ಲಿ ಬರುವ ವರ್ಷ ನಾರು ಏಳುತ್ತದೆ.

ಹಿಂದಿನ ಸುಗ್ಗಿಯಲ್ಲಿ ಜೆನಾಬು ಎಂಬವಳಿಗೆ ನಾರು ಬಂದಿತ್ತು. ಅತ್ತೆ ಅವಳನ್ನು ಊರ ಮುಖ್ಯಸ್ಥರ ಅಂಗಳದಲ್ಲಿ ನಿಲ್ಲಿಸಿ, "ನಾರು ಬರೋದು ಕೊಳಕರಿಗೆ. ಅದು ನನ್ನ ಮನೆ ಹೊಸ್ತಿಲು ದಾಟಿ ತೋರಿಸ್ಲಿ ನೋಡೋಣ" ಅಂದಿದ್ದಳು.

ಒಣಗಾಳಿ ಜೋರಾಗಿದ್ದ ಒಂದು ಸಂತೆಯ ದಿನ ಊರ ಹೆಂಗಸರೆಲ್ಲ ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆ ಮಾರಲು ಹೋಗಿದ್ದರು. ಅಜಾರಾ ಊಟಕ್ಕೆ ಹೋಗಿದ್ದಳು. ಅತ್ತೆ ಒಬ್ಬಳೇ ಕೊಡ ಹೊತ್ತು ಬಂದಳು. ಮನೆಯಲ್ಲಿ ನೀರು ತರುವವರಿಗೆ ಬರವಿಲ್ಲ. ಮಗಾಜಿಯಾ ತಾನೇ ಕೊಡ ಹೊತ್ತದ್ದನ್ನು ನಾನು ನೋಡಿದ್ದಿಲ್ಲ.

ಕುಕ್ಕರಿಸಿ ಕ್ಷೇಮ ಕೇಳಿದೆ. ಅವಳ ಎಡಗಾಲಿಗೆ ಚಿಂದಿ ಸುತ್ತಿತ್ತು. ಚಿಂದಿ ಒದ್ದೆಯಾಗಿತ್ತು. ಅದರ ಅಂಚಿನಲ್ಲಿ, ಹಿಮ್ಮಡಿಯ ಮೇಲೆ, ಒಂದು ಬಿಳಿ ಎಳೆ.

"ಅತ್ತೆ, ಕೊಡ ಇಲ್ಲಿ ಕೊಡಿ. ನಾನು ತುಂಬಿಸ್ತೀನಿ."

"ನನ್ನ ಕೈಗೇನು ಲಕ್ವ ಹೊಡ್ದಿದ್ಯಾ? ಪಕ್ಕಕ್ಕೆ ಸರಿ."

"ಕಾಲಲ್ಲಿ ನಾರಿದೆ."

ಅವಳು ಹಿಂದೆ ಮುಂದೆ ನೋಡಿದಳು. ಯಾರೂ ಇರಲಿಲ್ಲ.

"ಮೂಗಿಗೆ ಮಾತು ಬಂತಾ! ನಿನ್ನನ್ನ ಇಲ್ಲಿ ಯಾಕೆ ಕೂರಿಸಿದ್ದು ಅಂದ್ಕೊಂಡೆ? ಬಾಯಿ ಇಲ್ದೋಳು ಅಂತ. ನಾಯಿ ಕಟ್ಟಿದೋರನ್ನೇ ಕಚ್ಚುತ್ತಾ?"

"ಇಳೀಬೇಡಿ ಅತ್ತೆ."

"ಇಳೀತೀನಿ. ಯಾರಿಗಾದ್ರೂ ಬಾಯ್ಬಿಟ್ಯೋ, ಇವತ್ತೇ ನೀನು ತವರಿಂದ ತಂದ ಬೋಗುಣಿಗಳನ್ನ ತಲೆ ಮೇಲಿಟ್ಟು ಅಪ್ಪನ ಮನೆಗೆ ಅಟ್ತೀನಿ. ಮಗೂನೂ ಹೆರಲಿಲ್ಲ, ಹೊಲಾನೂ ಉಳಲಿಲ್ಲ. ನನ್ನ ಮನೆ ಮುದ್ದೆ ತಿಂದು ಕೊಬ್ಬಿದ್ದೊಂದೇ ನಿನ್ನ ಸಾಧನೆ."

ಅವಳು ಅಟ್ಟುವವಳೇ. ಇದ್ರಿಸು ತಾಯಿಗೆ ಎದುರಾಡುವವನಲ್ಲ. ಅಪ್ಪ ಸತ್ತುಹೋಗಿ ಅಲ್ಲಿ ಈಗ ಅಣ್ಣಂದಿರ ಹೆಂಡತಿಯರ ಆಳ್ವಿಕೆ.

ಅವಳು ನನ್ನ ಚಾಚಿದ ಕಾಲನ್ನು ದಾಟಿದಳು. ನಾನು ಏಳಲಿಲ್ಲ, ಬೇಗ ಏಳಲು ನನಗೆ ಆಗುವುದೂ ಇಲ್ಲ. ಕೂತಲ್ಲಿಂದಲೇ ಬಾಗಿ ಅವಳ ಹಿಮ್ಮಡಿ ಹಿಡಿದೆ. ಇನ್ನೊಂದು ಕೈಯಿಂದ ಚಿಂದಿ ಸರಿಸಿ ಹುಳದ ತುದಿಯನ್ನು ಎರಡು ಬೆರಳಲ್ಲಿ ಒತ್ತಿಕೊಂಡೆ.

"ಬಿಡೇ, ಹಾದರಗಿತ್ತಿ!"

"ಕಾಲು ಎಳ್ದ್ರೆ ಹರಿಯುತ್ತೆ ಅತ್ತೆ. ಹರಿದ್ರೆ ಏನಾಗುತ್ತೆ ಅಂತ ನನ್ನ ಮಂಡಿ ನೋಡಿ."

ಅವಳು ಕೊಡದಿಂದ ನನ್ನ ಬೆನ್ನಿಗೆ ಹೊಡೆದಳು. ಕೊಡ ಒಡೆಯಿತು. ನನ್ನ ಬೆರಳು ಬಿಡಲಿಲ್ಲ, ಅವಳ ಕಾಲೂ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ನಿಲ್ಲಲಾರದೆ ನೆಲಕ್ಕೆ ಕುಸಿದಳು. ಒಂದೊಂದು ಸಲ ಬೈಯುತ್ತಿದ್ದಳು, ಒಂದೊಂದು ಸಲ ಉರಿಗೆ ನರಳುತ್ತಿದ್ದಳು. ಕಟ್ಟೆಯ ನೀರು ಅವಳ ಬೆರಳಿಗೆ ಒಂದು ಮಾರು ದೂರದಲ್ಲಿತ್ತು.

ಮೊದಲು ಬಂದವಳು ಅಜಾರಾ. ಹಿಂದೆಯೇ ಸಂತೆಯ ಹೆಂಗಸರು. ಅವರಲ್ಲಿ ಜೆನಾಬುವೂ ಇದ್ದಳು.

"ಅಯ್ಯೋ, ಮಗಾಜಿಯಾ!" ಜೆನಾಬು ತಲೆಯ ಮೇಲಿನ ಬುಟ್ಟಿ ಇಳಿಸಿದಳು. "ಹೊಸ್ತಿಲು ದಾಟಿಬಿಡ್ತಲ್ಲ! ನಿಮ್ಮನ್ನ ಕೇಳ್ದೇನೇ ದಾಟ್ತಾ?"

ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ.

ಸಂಜೆ ಅತ್ತೆ ಇದ್ರಿಸುವನ್ನು ಕರೆದು, "ನನ್ನನ್ನ ಊರ ಮುಂದೆ ಬೆತ್ತಲೆ ಮಾಡಿದೋಳು ಈ ಮನೇಲಿರಲ್ಲ. ನಾರು ಹೊರಗೆ ಬರ್ಲಿ, ಇವಳೂ ಹೊರಗೆ" ಅಂದಳು. ಇದ್ರಿಸು ತನ್ನ ಚಪ್ಪಲಿಯನ್ನೇ ನೋಡುತ್ತ ಹೂಂ ಅಂದ.

ನಾರು ಹೊರಬರುವವರೆಗೆ ಅಂದದ್ದು ಸುಮ್ಮನೆ ಅಲ್ಲ. ಹುಳವನ್ನು ಕಡ್ಡಿಗೆ ಸುತ್ತಿ ದಿನವೂ ಒಂದಿಷ್ಟೇ ಎಳೆಯಬೇಕು. ಅದು ಕಾವಲಿನವರ ಕೆಲಸ. ಅಜಾರಾಳಿಗೆ ಕಣ್ಣು ಮಂಜು. ಹಾಗಾಗಿ ಬೆಳಗಾದರೆ ಅತ್ತೆ ಮೋರೆ ಗೋಡೆಗೆ ತಿರುಗಿಸಿ ಕಾಲು ಚಾಚುತ್ತಿದ್ದಳು, ನಾನು ಸುತ್ತುತ್ತಿದ್ದೆ. ನನ್ನನ್ನು ಹೊರಗೆ ಹಾಕುವ ದಿನವನ್ನು ನಾನೇ ಬೆರಳ ತುದಿಯಲ್ಲಿ ಹತ್ತಿರಕ್ಕೆ ಎಳೆಯುತ್ತಿದ್ದೆ. ಒಮ್ಮೆ ಜೋರಾಗಿ ಎಳೆದುಬಿಡಬೇಕು ಅನ್ನಿಸದ ದಿನವಿರಲಿಲ್ಲ. ಎಳೆಯಲಿಲ್ಲ.

"ಬೇಗ ಎಳಿ, ನಿನ್ನ ಮುಖ ನೋಡಿ ಸಾಕಾಗಿದೆ" ಅನ್ನುತ್ತಿದ್ದಳು.

"ನೀವು ಗೋಡೆ ನೋಡ್ತಿದೀರಲ್ಲ ಅತ್ತೆ" ಅಂದೆ ಒಂದು ದಿನ. ಅಂದಮೇಲೆ ನನಗೇ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ಹುಳದ ಬಾಲ ಹೊರಬಂತು. ಅದನ್ನು ಒಲೆಗೆ ಹಾಕಿದೆ. ಮಧ್ಯಾಹ್ನಕ್ಕೆ ನನ್ನ ಬೋಗುಣಿಗಳು ಬಾಗಿಲ ಹೊರಗಿದ್ದವು.

ಅಪ್ಪನ ಊರಿನ ದಾರಿ ಕಟ್ಟೆಯ ಮೇಲೆಯೇ ಹೋಗುತ್ತದೆ. ಅಜಾರಾ ನನ್ನ ತಲೆಯ ಮೇಲಿನ ಗಂಟು ಇಳಿಸಿಕೊಂಡಳು.

"ಎಲ್ಲಿಗೆ ಹೊರಟೆ? ನನ್ನ ಗುಡಿಸಲಲ್ಲಿ ಒಂದು ಚಾಪೆಯ ಜಾಗ ಇದೆ. ನಾನು ಗೊರಕೆ ಹೊಡೀತೀನಿ, ಈಗ್ಲೇ ಹೇಳಿದೀನಿ."

ನಾನು ಕಟ್ಟೆಯ ಪಕ್ಕದ ಮರದಡಿ, ಕಾವಲಿನ ನನ್ನ ಜಾಗದಲ್ಲಿ ಕೂತೆ.

ಮರುದಿನ ಹೆಂಗಸರು ಸಾಲಾಗಿ ನೀರಿಗೆ ಬಂದಾಗ ಅತ್ತೆಯೂ ಬಂದಳು, ಹೊಸ ಕೊಡ ಹೊತ್ತು. ಎಲ್ಲರೂ ನನ್ನನ್ನು ನೋಡಿದರು. ನಾನು ಕುಕ್ಕರಿಸಲಿಲ್ಲ. ಎದ್ದು ನಿಂತೆ.

"ಕಾಲು ತೋರಿಸಿ."

"ಯಾರಿಗೆ ಹೇಳ್ತಿದೀಯ?"

"ನೀರಿಗೆ ಬಂದೋರಿಗೆ."

ಜೆನಾಬು ಕೆಮ್ಮಿದಳು. ಅತ್ತೆ ಉಟ್ಟ ಬಟ್ಟೆಯ ಅಂಚನ್ನು ಎರಡು ಬೆರಳಿನಷ್ಟು ಎತ್ತಿದಳು. ಹಿಮ್ಮಡಿಯ ಗಾಯ ಇನ್ನೂ ಕೆಂಪಗಿತ್ತು.

"ಮುಚ್ಚಿಲ್ಲ. ಆಚೆ ನಿಲ್ಲಿ."

ಕೊಡ ಇಸಿದುಕೊಂಡು, ಬಾಯಿಗೆ ಬಟ್ಟೆ ಬಿಗಿದು, ನೀರು ತುಂಬಿಸಿದೆ. ತುಂಬಿದ ಕೊಡವನ್ನು ಒಬ್ಬರೇ ತಲೆಗೇರಿಸಿಕೊಳ್ಳಲಾಗದು. ನಾನೇ ಎತ್ತಿಟ್ಟೆ. ಅವಳ ಮುಖ ನನ್ನ ಮುಖಕ್ಕೆ ತಾಗುವಷ್ಟು ಹತ್ತಿರವಿತ್ತು.

"ನನ್ನ ಮನೆ ಬಾಗಿಲಿಗೆ ಬರ್ಬೇಡ" ಅಂದಳು.

"ಬರಲ್ಲ. ನೀವೂ ನೀರಿಗೆ ಇಳೀಬೇಡಿ."